ಎರಡನೇ ಸುತ್ತಿನ ನಂತರ ಕೇಳಿದ ಪ್ರಶ್ನೆ

ಆ ಭಾನುವಾರ ಬೆಳಿಗ್ಗೆಯೂ ಪುಣೆಯ ದಂಡು ಪ್ರದೇಶವಾದ ಲಷ್ಕರಿನ ಇರಾಣಿ ಹೋಟೆಲಿನಲ್ಲಿ ಸಕ್ಕರೆ ಡಬ್ಬಿಗೂ ಬೆಂಕಿಪೊಟ್ಟಣಕ್ಕೂ ಎಂದಿನಂತೆ ಗುದ್ದಾಟ ನಡೆದಿತ್ತು. ಸಕ್ಕರೆ ಡಬ್ಬಿ ಅಂದರೆ ಫ್ರಾನ್ಸಿಸ್, ಬೆಂಕಿಪೊಟ್ಟಣ ಅಂದರೆ ರುದ್ರಪ್ಪ. ಇಬ್ಬರೂ ಒಂದು ಕಾಲಕ್ಕೆ ಪುಣೆಯಲ್ಲಿ ಹೆಸರಾದ ಬಾಕ್ಸರುಗಳು. ಇಬ್ಬರೂ ಮಿಡಲ್‌ವೇಟ್, ಅಂದರೆ ಹನ್ನೊಂದು ಸ್ಟೋನ್ ಆರು ಪೌಂಡಿನ ಒಳಗೆ ತೂಗುವವರು. ಆಟ ಬಿಟ್ಟು ಇಬ್ಬರಿಗೂ ವರ್ಷಗಳಾಗಿದ್ದವು. ಆದರೆ ರಿಂಗಿನಲ್ಲಿ ಒಬ್ಬರಿಗೊಬ್ಬರು ಎಂದೂ ಎದುರಾಗಿರಲಿಲ್ಲ. ಫ್ರಾನ್ಸಿಸ್ ಕೈ ಮುರಿದುಕೊಂಡು ಆಟ ನಿಲ್ಲಿಸಿದ ವರ್ಷವೇ ರುದ್ರಪ್ಪ ಆ ತೂಕಕ್ಕೆ ಏರಿದ್ದ. ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬ ವಾದ ಆ ಮೇಜಿನ ಮೇಲೆ ವಾರ ವಾರವೂ ನಡೆಯುತ್ತಿತ್ತು.

ರುದ್ರಪ್ಪನ ಕಡೆಯವರು ಭವಾನಿ ಪೇಠೆಯ ಬಟ್ಟೆ ವ್ಯಾಪಾರಿ ಮಲ್ಲಪ್ಪ ಶೆಟ್ಟರು. ಫ್ರಾನ್ಸಿಸ್‌ನ ಕಡೆಯವರು ಪಿಂಚಣಿಯ ಹವಾಲ್ದಾರ ಜಾಧವ. ಅವರು ಮರಾಠರು. ಬೆಳಗಾವಿಯ ಪಲಟಣಿನಲ್ಲಿ ಬಹಳ ಕಾಲ ಇದ್ದುದರಿಂದ ನಮ್ಮ ಕನ್ನಡ ಚೆನ್ನಾಗಿ ಬರುತ್ತಿತ್ತು.

"ನಿಮ್ಮ ಸಕ್ಕರಿ ಡಬ್ಬಿ ದೂರ ನಿಂತು ಎಡಗೈ ಚಾಚ್ತದ, ಖರೆ," ಎಂದರು ಶೆಟ್ಟರು, ಬೆಂಕಿಪೊಟ್ಟಣವನ್ನು ಮೇಜಿನ ಮೇಲೆ ಜಾರಿಸುತ್ತ. "ನಮ್ಮವ ತಗ್ಗಿ ಹಿಂಗ ಒಳಗ ಹೊಕ್ಕ ಅಂದ್ರ ಏನ್ ಮಾಡ್ತೀರಿ?"

"ಹೊಕ್ಕರ ತಾನೆ! ಅರೇ ಬಾಬಾ, ಹೊಗೂದ್ರಾಗ ಮೂಗಿಗೆ ನಾಕು ಬಿದ್ದಿರ್ತಾವ," ಎಂದರು ಜಾಧವರು.

"ಬೀಳ್ಲಿ. ಆ ಗೋರಾ ಸಿಪಾಯಿ ಕೂಡ ಎಂಟು ಸುತ್ತು ತಿಂದವ್ನಿಗೆ ನಾಕು ಯಾವ ಲೆಕ್ಕ?"

ಫ್ರಾನ್ಸಿಸ್ ಪಕ್ಕದಲ್ಲೇ ಕೂತು ಪಾವ್ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ. ಅವನು ಖಾನಾಪುರದ ಕಡೆಯ ಕ್ರಿಶ್ಚಿಯನ್, ಲಷ್ಕರಿನಲ್ಲಿ ಅವನ ಬೇಕರಿ ಇತ್ತು. ಹೊಟ್ಟೆಯ ಮೇಲೆ ಕೈಯಾಡಿಸಿ, "ಡಬ್ಬಿ ಈಗ ಭಾಳ ತುಂಬ್ಯದ. ಜಾಧವರ, ಅದನ್ನ ಅಷ್ಟ ಜೋರಾಗಿ ಸರಸಬ್ಯಾಡ್ರಿ, ಚೆಲ್ಲೀತು," ಎಂದ.

ರುದ್ರಪ್ಪ ನಕ್ಕ. ಅವನು ಮಾತು ಕಡಿಮೆ. "ಪೊಟ್ಟಣದಾಗ ಕಡ್ಡಿ ಎಷ್ಟ ಉಳದಾವ, ಅದನ್ನ ನೋಡ್ರಿ ಮೊದಲ," ಎಂದ.

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುವುದು ಪದ್ಧತಿ. "ಕಂಪೌಂಡರ್, ನೀವು ಇಬ್ಬರ ಮೂಲ್ಯಾಗೂ ಕುಂತವ್ರು. ನಿಮಗ ಗೊತ್ತಿರ್ತದ. ಹೇಳ್ರಿ."

"ಚಹಾ ಆರ್ಲಿಕ್ಕತ್ತದ, ಕುಡೀರಿ," ಎಂದೆ. ಅದೂ ಪದ್ಧತಿಯೇ. ಎಲ್ಲರೂ ನಕ್ಕರು. ರುದ್ರಪ್ಪ ನನ್ನ ಸೈಕಲ್ಲಿನ ಹಿಂದೆ ಕೂತು ಮನೆಗೆ ಬಂದ. ಎರಡನೇ ಮಹಾಯುದ್ಧ ಶುರುವಾಗಿದ್ದ ಕಾಲ ಅದು. ನಮ್ಮ ಪಾಲಿಗೆ ಎಲ್ಲವೂ ಸರಿಯಾಗಿದ್ದ ಕೊನೆಯ ಭಾನುವಾರ ಅದೇ.

ಈಗ ನಾನು ಕೆಲಸದಿಂದ ನಿವೃತ್ತನಾಗಿದ್ದೇನೆ. ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ಕೂತು ಆಟಗಾರನ ಗಾಯ ನೋಡಿಕೊಳ್ಳಲು ಹೊರಟ ತರುಣರು ಕೆಲವರು ಮನೆಗೆ ಬಂದು, ರಕ್ತ ಹೇಗೆ ನಿಲ್ಲಿಸುತ್ತಿದ್ದಿರಿ, ಬಾವು ಹೇಗೆ ಇಳಿಸುತ್ತಿದ್ದಿರಿ ಎಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಲು ಹೋದರೆ ಒಂದು ಹಂತಕ್ಕೆ ಬಂದು ನನ್ನ ಮಾತು ನಿಂತುಬಿಡುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಏಳನೇ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ ಓದಿ, ಕೆಲಸ ಹುಡುಕಿಕೊಂಡು ಪುಣೆಗೆ ಬಂದವನು. ಲಷ್ಕರಿನಲ್ಲಿ ಒಬ್ಬ ಪಾರ್ಸಿ ಡಾಕ್ಟರರ ದವಾಖಾನೆಯಲ್ಲಿ ಗಾಯ ತೊಳೆದು ಕಟ್ಟುವ ಕೆಲಸ ಸಿಕ್ಕಿತು. ಸೈನಿಕರ ಹಾಲ್‌ನಲ್ಲಿ ಬಾಕ್ಸಿಂಗ್ ಇದ್ದ ದಿನ ಡಾಕ್ಟರರಿಗೆ ಕರೆ ಬರುತ್ತಿತ್ತು. ಅವರಿಗೆ ಆ ಆಟ ಕಂಡರಾಗದು. "ಇಡೀ ವಾರ ನಾನು ಹೊಲಿಯುತ್ತೇನೆ, ಇವರು ಶನಿವಾರ ಹರಿಯುತ್ತಾರೆ," ಎಂದು ಬೈದು, ಪೆಟ್ಟಿಗೆ ಕೊಟ್ಟು ನನ್ನನ್ನು ಕಳಿಸುತ್ತಿದ್ದರು.

ಮೊದಲ ದಿನವೇ ತಪ್ಪು ಮಾಡಿದೆ. ಬಾಯಿ ಮುಕ್ಕಳಿಸಲು ಒಬ್ಬ ಆಟಗಾರನಿಗೆ ನೀರಿನ ಬಾಟಲಿಗೆ ಬದಲು ಸ್ಪಿರಿಟ್ ಬಾಟಲಿ ಕೊಟ್ಟುಬಿಟ್ಟೆ. ಆ ಆಟಗಾರ ಉಗುಳಿ, ಕೆಮ್ಮಿ, ಕಣ್ಣಲ್ಲಿ ನೀರು ಸುರಿಸುತ್ತ ಎದ್ದು ಹೋದವನು ಅರ್ಧ ನಿಮಿಷದಲ್ಲಿ ಎದುರಾಳಿಯನ್ನು ಮಲಗಿಸಿದ. ಮುಂದಿನ ವಾರ ಮತ್ತೊಬ್ಬ ಬಂದು, "ನನಗೂ ಆ ಔಷಧ ಕೊಡ್ರಿ," ಎಂದು ಕೇಳಿದ. ಡಾಕ್ಟರರು ಮಾತ್ರ ನಗಲಿಲ್ಲ. "ಒಂದೇ ಆಕಾರದ ಎರಡು ಬಾಟಲಿ ಎಂದೂ ಇಡಬೇಡ. ಗಡಿಬಿಡಿಯಲ್ಲಿ ಕೆಲಸ ಮಾಡುವುದು ಕೈ. ಕೈಗೆ ಕಣ್ಣಿಲ್ಲ," ಎಂದರು. ಅಂದಿನಿಂದ ನೀರು ತಂಬಿಗೆಯಲ್ಲಿ, ಸ್ಪಿರಿಟ್ ಚೌಕ ಬಾಟಲಿಯಲ್ಲಿ.

ಸುತ್ತು ಸುತ್ತಿನ ನಡುವೆ ಮೂಲೆಯವನಿಗೆ ಸಿಗುವುದು ಒಂದೇ ನಿಮಿಷ. ನಾನು ಶುರು ಮಾಡಿದಾಗ ಹುಬ್ಬು ಒಡೆದರೆ ಪಟಿಕದ ಪುಡಿ ಒತ್ತುತ್ತಿದ್ದೆವು. ಪುಣೆಯವರು ಅದನ್ನು ತುರಟಿ ಎನ್ನುತ್ತಾರೆ. ಅದು ಕಣ್ಣಿಗೆ ಜಾರಿದರೆ ಆ ಸುತ್ತು ಮುಗಿದಂತೆಯೇ. ಆಮೇಲೆ ರಕ್ತನಾಳ ಬಿಗಿಯುವ ಹನಿ ಔಷಧ ಬಂತು, ಹತ್ತಿಯ ಕಡ್ಡಿಯಲ್ಲಿ ಒಂದು ಹನಿ ಸಾಕಾಗುತ್ತಿತ್ತು. ಬಾವು ಇಳಿಸಲು ಮೊದಲು ಹಸಿ ಮಾಂಸದ ತುಂಡು, ಆಮೇಲೆ ಐಸಿನಲ್ಲಿಟ್ಟ ಕಬ್ಬಿಣದ ಬಿಲ್ಲೆ. ಹೀಗೆ ಕೈಯ ಕೆಲಸ ವರ್ಷದಿಂದ ವರ್ಷಕ್ಕೆ ಸುಧಾರಿಸಿತು. ಆ ಒಂದು ನಿಮಿಷದ ಹೆದರಿಕೆ ಮಾತ್ರ ಹಾಗೇ ಉಳಿಯಿತು. ಸ್ಟೂಲಿನ ಮೇಲೆ ಬಂದು ಕೂರುವವನು ಹೋದವನೇ ಹೌದೋ ಅಲ್ಲವೋ, ಅದು ಅವನ ಮುಖ ಎತ್ತಿ ನೋಡುವವರೆಗೆ ತಿಳಿಯದು.

ಅದನ್ನು ತಿಳಿಯಲು ಪಲಟಣಿನ ಒಬ್ಬ ಸಾರ್ಜೆಂಟ್ ನನಗೆ ಒಂದು ಉಪಾಯ ಕಲಿಸಿದ್ದ. ಆಟ ಕಲಿಸುವುದರಲ್ಲಿ ಅವನಷ್ಟು ಕಟ್ಟುನಿಟ್ಟಿನವನನ್ನು ನಾನು ಮತ್ತೆ ಕಾಣಲಿಲ್ಲ. ಮೊದಲು ಊರು ಯಾವುದೆಂದು ಕೇಳು, ಸರಿಯಾಗಿ ಹೇಳಿದರೆ ಕಳಿಸು, ತೊದಲಿದರೆ ಕಳಿಸಬೇಡ ಎಂದಿದ್ದ. ನಾನು ಹದಿನಾಲ್ಕು ವರ್ಷ ಅದೊಂದೇ ಪ್ರಶ್ನೆ ಕೇಳಿದೆ. ಗಂಟೆಯಾಗುವುದು, ಅವನು ಬಂದು ಕೂರುವುದು, ನಾನು ಗದ್ದ ಹಿಡಿದೆತ್ತಿ "ಊರು ಯಾವುದು?" ಎನ್ನುವುದು.

ಫ್ರಾನ್ಸಿಸ್ ನನಗೆ ಸಿಕ್ಕ ಮೊದಲ ಒಳ್ಳೆಯ ಆಟಗಾರ. ಉದ್ದ ತೋಳು, ಎದುರಾಳಿಯನ್ನು ಎಡಗೈಯಿಂದಲೇ ದೂರ ಇಡುತ್ತಿದ್ದ. ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಊರು ಕೇಳಿದರೆ, "ಖಾನಾಪುರ, ಆದ್ರ ಊಟ ಇಲ್ಲೇ," ಎನ್ನುತ್ತಿದ್ದ. ತನ್ನ ಬಲಗೈ ಎಲುಬು ಒಡೆದದ್ದನ್ನು ಎರಡು ತಿಂಗಳು ಮುಚ್ಚಿಟ್ಟ. ನನಗೆ ತಿಳಿದದ್ದು ಇರಾಣಿ ಹೋಟೆಲಿನಲ್ಲಿ. ಅವನು ಚಹಾದ ಕಪ್ಪನ್ನು ಕಿವಿ ಹಿಡಿದು ಎತ್ತದೆ, ಎರಡೂ ಅಂಗೈ ನಡುವೆ ಇಟ್ಟು ಎತ್ತಿದ. ನಾನು ಆ ಕೈಯನ್ನೇ ನೋಡಿದೆ. ಅವನೂ ನನ್ನನ್ನು ನೋಡಿ, "ಆಟ ಸಾಕೇನ್ರಿ?" ಎಂದ. "ಸಾಕು," ಎಂದೆ. ಅಷ್ಟಕ್ಕೇ ಅವನ ಆಟ ಮುಗಿಯಿತು. ಅವನು ಹಿಟ್ಟು ನಾದಲು ಹೋದ.

ರುದ್ರಪ್ಪನ ವಿಷಯದಲ್ಲಿ ಅಷ್ಟು ಸುಲಭವಾಗಲಿಲ್ಲ.

ಅವನು ಬೈಲಹೊಂಗಲದ ಹತ್ತಿರದ ಸಂಪಗಾಂವದವನು. ಖಡಕಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ. ಭವಾನಿ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಮ್ಮದೂ ಅವನದೂ ಎದುರುಬದುರಿನ ಕೋಣೆಗಳು. ನನಗಿಂತ ಆರು ವರ್ಷ ಚಿಕ್ಕವನು, ಅಣ್ಣಾ ಎಂದು ಕರೆಯುತ್ತಿದ್ದ. ಅವನ ಹೆಂಡತಿ ಗಂಗವ್ವನೂ ಹಾಗೇ ಕರೆಯುತ್ತಿದ್ದಳು. ನನಗೆ ಸ್ವಂತ ತಮ್ಮ ಇರಲಿಲ್ಲ.

ಶೆಟ್ಟರು ವಾರ ವಾರ ಹೊಗಳುತ್ತಿದ್ದ ಆ ಎಂಟು ಸುತ್ತಿನ ಆಟದಲ್ಲಿ ಅವನ ಎದುರಿಗಿದ್ದವನು ಕುದುರೆಗಳಿಗೆ ಲಾಳ ಕಟ್ಟುವ ಒಬ್ಬ ಗೋರಾ, ಅಂದರೆ ಬಿಳಿಯ, ಸಿಪಾಯಿ. ಮೂರನೇ ಸುತ್ತಿನಲ್ಲಿ ಅವನ ಬಲಗೈ ರುದ್ರಪ್ಪನ ಕಪಾಲಕ್ಕೆ ಬಿತ್ತು. ರುದ್ರಪ್ಪ ಬೀಳಲಿಲ್ಲ. ಒಂದು ಕ್ಷಣ, ಯಾರೋ ಹೆಸರು ಹಿಡಿದು ಕರೆದರೆ ನಿಲ್ಲುವಂತೆ ನಿಂತ, ಮತ್ತೆ ಮುಂದೆ ಹೋದ. ಗಂಟೆಯಾಗಿ ಬಂದು ಕೂತ.

"ಊರು ಯಾವುದು?"

"ಸಂಪಗಾಂವ ರೀ."

ದನಿ ಸ್ಪಷ್ಟ ಇತ್ತು. ಕಳಿಸಿದೆ. ನಾಲ್ಕನೇ ಸುತ್ತಿನ ನಂತರ ಕೇಳಿದೆ, "ಸಂಪಗಾಂವ ರೀ." ಐದು, ಆರು, ಏಳು, ಪ್ರತಿ ಸಲವೂ ಅದೇ ಉತ್ತರ, ಅದೇ ದನಿ. ಎಂಟನೇ ಸುತ್ತು ಮುಗಿದಾಗ ರೆಫರಿ ರುದ್ರಪ್ಪನ ಕೈ ಎತ್ತಿದ. ಜನ ಕುರ್ಚಿಗಳ ಮೇಲೆ ಹತ್ತಿ ಕೂಗಿದರು. ನಾನು ಅವನನ್ನು ಒಳಗೆ ಕರೆತಂದು, ಬೆಂಚಿನ ಮೇಲೆ ಕೂರಿಸಿ, ಗ್ಲೋವ್ಸಿನ ಲಾಡಿ ಬಿಚ್ಚುತ್ತಿದ್ದೆ.

"ಅಣ್ಣಾರ, ಇನ್ನೂ ಎಷ್ಟ ಹೊತ್ತದ ನಮ್ಮ ಆಟ ಶುರು ಆಗ್ಲಿಕ್ಕೆ?" ಎಂದು ಕೇಳಿದ.

ಮೂರನೇ ಸುತ್ತಿನಿಂದ ಆಚೆಗೆ ಅವನಿಗೆ ಏನೂ ನೆನಪಿರಲಿಲ್ಲ. ಅಷ್ಟೇ ಅಲ್ಲ, ಆಟಕ್ಕೆ ಇಳಿದದ್ದೂ ನೆನಪಿರಲಿಲ್ಲ. ಐದು ಸುತ್ತು ಆಡಿದ್ದು ಅವನ ಮೈ. ನನಗೆ ಉತ್ತರ ಕೊಟ್ಟದ್ದು ಅವನ ಬಾಯಿಯ ರೂಢಿ. ಅದೇ ಸ್ಟೂಲು, ಅದೇ ಕೈ, ಅದೇ ಪ್ರಶ್ನೆ. ದೇವರ ಮುಂದೆ ನಿಂತರೆ ನಿದ್ದೆಗಣ್ಣಿನಲ್ಲೂ ಬಾಯಿಗೆ ಬರುವ ವಚನದ ಹಾಗೆ ಅದು ಬರುತ್ತಿತ್ತು. ನಾನು ಅದನ್ನು ಎಚ್ಚರ ಎಂದು ತಿಳಿದಿದ್ದೆ.

ತರುಣರು ಇದನ್ನು ಚೆನ್ನಾಗಿ ನೆನಪಿಡಬೇಕು. ಅಂದಿನಿಂದ ನಾನು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಲಿಲ್ಲ. ಬೆಳಿಗ್ಗೆ ಏನು ತಿಂದೆ, ಯಾವ ದಾರಿಯಿಂದ ಬಂದೆ, ಅಂಗಿ ಎಲ್ಲಿ ನೇತುಹಾಕಿದೆ, ಹೀಗೆ ಅಂದಂದಿನದೇ ಕೇಳಬೇಕು. ಉತ್ತರ ನಿಮಗೆ ಮೊದಲೇ ಗೊತ್ತಿರುವಂಥದ್ದನ್ನೇ ಕೇಳಬೇಕು. ಇಲ್ಲದಿದ್ದರೆ ಅವನು ಸರಿಯಾಗಿ ಹೇಳಿದನೋ ಇಲ್ಲವೋ ನಿಮಗೆ ಹೇಗೆ ತಿಳಿದೀತು?

ರುದ್ರಪ್ಪನನ್ನು ಡಾಕ್ಟರರಿಗೆ ತೋರಿಸಿದೆ. ಅವರು ಕಡ್ಡಿ ಗೀರಿ ಅವನ ಕಣ್ಣೆದುರು ಆ ಕಡೆ ಈ ಕಡೆ ಆಡಿಸಿದರು, ಕಣ್ಣು ಮುಚ್ಚಿ ನಡೆಯಲು ಹೇಳಿದರು. ಆಮೇಲೆ ಅವನನ್ನು ಹೊರಗೆ ಕಳಿಸಿ ನನಗೆ ಹೇಳಿದರು: "ಈ ತಲೆಗೆ ಇನ್ನೊಂದು ಪೆಟ್ಟು ಬೀಳಬಾರದು. ಆಟದಲ್ಲಿಯೂ ಬೇಡ, ಜಗಳದಲ್ಲಿಯೂ ಬೇಡ."

ದಾರಿಯಲ್ಲಿ ಅದನ್ನು ಅವನಿಗೆ ಹೇಳಿದೆ. ಅವನು ನನ್ನನ್ನು ದಾರಿಯ ಪಕ್ಕಕ್ಕೆ ನಿಲ್ಲಿಸಿ ಹೇಳಿದ: "ಅಣ್ಣಾರ, ಆಟ ಬಿಡ್ತೀನಿ. ಆದ್ರ ಯಾಕ ಬಿಟ್ಟ ಅಂತ ಯಾರಿಗೂ ಹೇಳಬ್ಯಾಡ್ರಿ. ಲೇತಿನ ಮ್ಯಾಲ ನಿಲ್ಲಾಂವಗ ತಲಿ ಸರಿ ಇಲ್ಲ ಅಂತ ಗೊತ್ತಾದ್ರ ನಾಳೆನ ಮನಿಗೆ ಕಳಸ್ತಾರ. ಗಂಗಾಗೂ ಬ್ಯಾಡ." ಆಣೆ ಹಾಕಿಸಿಕೊಂಡ. ಹಾಕಿದೆ.

ಹೆಂಡತಿ ಬೇಡ ಅಂದಳಂತೆ, ಅದಕ್ಕೆ ಬಿಟ್ಟ ಎಂದು ಜನರಿಗೆ ನಾನೇ ಹೇಳಿದೆ. ಶೆಟ್ಟರು ಗಂಗವ್ವನನ್ನು ಕಂಡಾಗಲೆಲ್ಲ, "ಹುಲಿಗೆ ಹಗ್ಗ ಹಾಕಿದಾಕಿ ಬಂದ್ಲು ನೋಡ್ರಿ," ಎನ್ನುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು ನಕ್ಕು ಹೋಗುತ್ತಿದ್ದಳು. ಅವನ ಎಡಗಾಲು ಸ್ವಲ್ಪ ಎಳೆಯತೊಡಗಿತ್ತು. ಕೆಲವು ದಿನ ಬೆಳಿಗ್ಗೆ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ. ನಾನು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನೊಳಗಿನ ಹೆದರಿಕೆ ಆಗ ರಿಂಗಿನಿಂದ ಇಳಿದು ಮನೆಗೇ ಬಂದುಬಿಟ್ಟಿತ್ತು. ಎರಡು ವರ್ಷಗಳಲ್ಲಿ ಡಾಕ್ಟರರು ತೀರಿಕೊಂಡು ದವಾಖಾನೆ ಬೇರೆಯವರ ಕೈಗೆ ಹೋಯಿತು. ಆ ಮೇಲೆ ಆ ವಿಷಯ ಗೊತ್ತಿದ್ದವರು ನಾವಿಬ್ಬರೇ.

ಅವನ ಗುಟ್ಟು ಕಾಯುತ್ತಿದ್ದೇನೆ ಎಂದೇ ನಾನು ಅಂದುಕೊಂಡಿದ್ದೆ. ಈಗ ಪ್ರಾಮಾಣಿಕವಾಗಿ ಬರೆಯಬೇಕು. ಅದರಲ್ಲಿ ನನ್ನದೂ ಇತ್ತು. ಎಚ್ಚರವಿಲ್ಲದವನನ್ನು ಐದು ಸಲ ಎದುರಾಳಿಯ ಮುಂದೆ ಕಳಿಸಿದ ಮೂಲೆಯವನು ಎಂದು ಪುಣೆಯಲ್ಲಿ ನನಗೆ ಹೆಸರಾಗುವುದು ಬೇಡವಾಗಿತ್ತು.

ಮೊದಲು ಹೇಳಿದ ಆ ಭಾನುವಾರದ ಮುಂದಿನ ಭಾನುವಾರ ಜಾಧವರು ಹೋಟೆಲಿಗೆ ಬಂದವರೇ ಟೋಪಿಯನ್ನು ಮೇಜಿನ ಮೇಲೆ ಇಟ್ಟು ಸುದ್ದಿ ಹೇಳಿದರು. ಗಾಯಾಳು ಸಿಪಾಯಿಗಳ ಸಹಾಯಕ್ಕೆ ಸೈನಿಕರ ಹಾಲ್‌ನಲ್ಲಿ ಒಂದು ಸಂಜೆ ಬಾಕ್ಸಿಂಗ್ ಇಟ್ಟಿದ್ದಾರೆ. ಅದರಲ್ಲಿ ಹಳೆಯ ಆಟಗಾರರದೂ ಒಂದು ಜೋಡಿ ಬೇಕಂತೆ. ದಪ್ಪ ಗ್ಲೋವ್ಸು, ಎರಡೆರಡು ನಿಮಿಷದ ಮೂರು ಸುತ್ತು, ಸೋಲು ಗೆಲುವು ಹೇಳುವುದಿಲ್ಲ.

"ಇಷ್ಟ ವರ್ಷ ಡಬ್ಬಿ ಪೊಟ್ಟಣ ಆಡಿಸಿ ಸಾಕಾತು. ಖರೇವ್ರನ್ನ ನೋಡೋಣು," ಎಂದರು.

"ನಾ ತಯಾರ. ಹೊಟ್ಟಿ ಹೊರಲಿಕ್ಕೆ ಒಬ್ಬನ್ನ ಕೊಡ್ರಿ," ಎಂದ ಫ್ರಾನ್ಸಿಸ್.

ನಾನು ಕಪ್ಪು ಕೆಳಗಿಟ್ಟೆ. ರುದ್ರಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡಿ, "ಬ್ಯಾಡ್ರಿ. ವಯಸ್ಸಾತು. ಬಿಟ್ಟದ್ದು ಬಿಟ್ಟೆ," ಎಂದ. ಜೀವ ಬಂತು. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ!

ಶೆಟ್ಟರು ಬಿಡಲಿಲ್ಲ. "ಹಿಂಗಂದ್ರ ಹ್ಯಾಂಗೋ ರುದ್ರಾ? ನನ್ನ ಮಾರಿಗೆ ಮಸಿ ಹಚ್ತೀ ಏನು? ಹಾಂಗಾರ ಯಾರು ಗೆಲ್ತಿದ್ರು ಅಂತ ಗೊತ್ತಾಗೂದ್ ಯಾವಾಗ?"

ಒಬ್ಬ ಆಟಗಾರನ ಮುಂದೆ ಇನ್ನೊಬ್ಬನನ್ನು ತೂಗಬಾರದು ಎಂಬುದು ಮೂಲೆಯವರ ಕಟ್ಟಳೆ. ಇಬ್ಬರೂ ನಮ್ಮನ್ನು ನಂಬಿ ಗದ್ದ ಕೊಟ್ಟವರು. ಅಷ್ಟು ವರ್ಷ ಅದನ್ನು ಕಾಪಾಡಿದ್ದೆ. ಅಂದು ವಾದವೇ ಮುಗಿದುಹೋದರೆ ಆಟದ ಮಾತೂ ಮುಗಿಯುತ್ತದೆ ಎಂದು ನನಗೆ ತೋಚಿತು.

"ಗೊತ್ತಾಗೂದೇನದ? ಫ್ರಾನ್ಸಿಸ್ ಗೆಲ್ತಿದ್ದ. ಆರನೇ ಸುತ್ತಿನ್ಯಾಗ," ಎಂದೆ.

ಹಣದ ಗಲ್ಲೆಯ ಹಿಂದಿದ್ದ ಇರಾಣಿಯೂ ಈ ಕಡೆ ನೋಡಿದ. ಫ್ರಾನ್ಸಿಸ್ ತಲೆ ತಗ್ಗಿಸಿ, "ಛೇ, ಏನ್ ಹೇಳ್ತೀರಿ," ಎಂದ.

"ಖರೇನ ಏನ್ರಿ ಅಣ್ಣಾರ?" ಎಂದ ರುದ್ರಪ್ಪ.

"ಖರೇನ."

ಅವನು ಬೆಂಕಿಪೊಟ್ಟಣವನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅದು ಶೆಟ್ಟರದು. ಆಮೇಲೆ ಎದ್ದು ನಿಂತು, "ಜಾಧವರ, ನನ್ನ ಹೆಸರು ಬರಕೋರಿ," ಎಂದ. ಅಂದು ನನ್ನ ಸೈಕಲ್ ಹತ್ತಲಿಲ್ಲ. ನಡೆದುಕೊಂಡೇ ಮನೆಗೆ ಹೋದ.

ಆ ಆಟಕ್ಕೆ ಹನ್ನೆರಡು ದಿನ ಇದ್ದವು. ಅವು ಹೇಗೆ ಕಳೆದವೆಂದು ಹೇಳಲಾರೆ. ರುದ್ರಪ್ಪ ದಿನಾ ಬೆಳಿಗ್ಗೆ ಕಾತ್ರಜದ ದಾರಿಯಲ್ಲಿ ಘಾಟಿನ ಬುಡದವರೆಗೆ ಓಡಿ ಬರುತ್ತಿದ್ದ. ಬರುವಾಗ ಎಡಗಾಲಿನ ಚಪ್ಪಲಿ ಎಳೆಯುವ ಸದ್ದು ವಾಡೆಯ ಬಾಗಿಲಲ್ಲಿ ಕೇಳಿಸುತ್ತಿತ್ತು. ನಾನು ಎದುರು ಹೋಗಿ, "ರುದ್ರಾ, ನಾನು ಸುಳ್ಳು ಹೇಳಿದೆ," ಎಂದೆ. "ಈಗ ಹೇಳ್ಲಿಕ್ಕತ್ತೀರಿ ನೋಡ್ರಿ, ಇದು ಸುಳ್ಳು. ಹೆದರಿ ಹೇಳೂದು," ಎಂದ. ಮುಂದೆ ಮಾತಿಗೆ ನಿಲ್ಲಲಿಲ್ಲ.

ಗಂಗವ್ವ ಒಂದು ದಿನ ನೀರಿನ ಕೊಡ ಇಳಿಸಿ ಕೇಳಿದಳು: "ಅಣ್ಣಾರ, ಇವರು ಮತ್ತ ಆಡ್ತಾರಂತಲ್ರಿ. ಏನೂ ಆಗೂದಿಲ್ಲಲ್ರಿ?"

ನಿಜ ಹೇಳಲು ಬಾಯಿ ತೆರೆದೆ. "ಇಲ್ಲವ್ವ. ಬರೇ ಗಮ್ಮತ್ತಿನ ಆಟ," ಎಂದೆ.

ಫ್ರಾನ್ಸಿಸ್‌ನ ಬೇಕರಿಗೆ ಹೋದೆ. ಅವನು ಮೊಳಕೈವರೆಗೆ ಹಿಟ್ಟಿನಲ್ಲಿದ್ದ. "ತಲಿಗೆ ಹೊಡೀಬ್ಯಾಡ," ಎಂದೆ. "ಯಾಕ್ರಿ?" ಎಂದ. "ಹಾಂಗ. ನನ್ನ ಸಲುವಾಗಿ." ಅವನು ನನ್ನ ಮುಖವನ್ನು ನೋಡಿದ. ಕಪ್ಪು ಹಿಡಿದ ಅವನ ಕೈಯನ್ನು ನಾನು ಹಿಂದೊಮ್ಮೆ ನೋಡಿದ್ದ ಹಾಗೆಯೇ ನೋಡಿದ. "ಹೊಟ್ಟಿಗಷ್ಟ ಹೊಡೀತೀನಿ. ಮೆತ್ತಗ," ಎಂದ. ಪೂರ್ತಿ ಹೇಳಿದ್ದರೆ ಅವನು ರಿಂಗಿಗೇ ಬರುತ್ತಿರಲಿಲ್ಲ. ಅರ್ಧ ಹೇಳಿ ಹೊರಟು ಬಂದೆ.

ಆ ಸಂಜೆ ರುದ್ರಪ್ಪನ ಮೂಲೆಯಲ್ಲಿ ನಾನೇ ಕೂತೆ. ಅವನು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಮೊದಲ ಸುತ್ತು ನೋಡಲು ಚೆಂದವೇ ಇತ್ತು. ಫ್ರಾನ್ಸಿಸ್ ಹೊಟ್ಟೆಗೆ ತಟ್ಟುವುದು, ರುದ್ರಪ್ಪ ಒಳಗೆ ನುಗ್ಗುವುದು. ಜನ ನಗುತ್ತಿದ್ದರು. ಶೆಟ್ಟರು, "ಹೊಕ್ಕ ನೋಡ್ರಿ! ಹೊಕ್ಕ!" ಎಂದು ಕೂಗುತ್ತಿದ್ದರು. ಗಂಟೆಯಾಯಿತು.

"ಮುಂಜಾನಿ ಏನ್ ತಿಂದಿ?" ಎಂದು ಕೇಳಿದೆ.

"ಝುಣಕ ರೊಟ್ಟಿ. ಗಂಗಾ ಉಪ್ಪು ಮರತಿದ್ಲು." ಸರಿಯಾಗಿತ್ತು. ಆಮೇಲೆ ಅವನೇ ಕೇಳಿದ: "ಅಣ್ಣಾರ, ಅಂವ ನನ್ನ ತಲಿಗೆ ಹೊಡೀವಲ್ಲ. ನೀವು ಹೇಳೀರೇನು?"

ನಾನು ಮುಖ ತಗ್ಗಿಸಿ ಸ್ಪಂಜು ಹಿಂಡಿದೆ. ಅವನಿಗೆ ಅಷ್ಟೇ ಸಾಕಾಯಿತು.

ಎರಡನೇ ಸುತ್ತಿಗೆ ಅವನು ಹೋದ ರೀತಿಯೇ ಬೇರೆ. ಕೈ ಕೆಳಗೆ ಬಿಟ್ಟು, ಮುಖ ಮುಂದೆ ಚಾಚಿ, "ಹೊಡಿ! ಇಲ್ಲೆ ಹೊಡಿ!" ಎನ್ನುತ್ತ ಫ್ರಾನ್ಸಿಸ್‌ನ ಮೇಲೆ ಹೋದ. ಫ್ರಾನ್ಸಿಸ್ ಹಿಂದೆ ಹಿಂದೆ ಸರಿದ. ಹಗ್ಗಕ್ಕೆ ಬೆನ್ನು ತಾಗಿದಾಗ ಅವನು ಎಡಗೈಯನ್ನು ಮುಂದೆ ಇಟ್ಟ. ಅದನ್ನು ಗುದ್ದು ಎಂದು ನಾನು ಎಂದೂ ಕರೆಯುವುದಿಲ್ಲ. ಮೇಲೆ ಬೀಳುವವನನ್ನು ತಡೆಯಲು ಯಾರೇ ಆದರೂ ಚಾಚುವ ಕೈ ಅದು. ರುದ್ರಪ್ಪ ಅದಕ್ಕೆ ತಾನಾಗಿ ಹೋಗಿ ಹಾಯ್ದ. ಬೀಳಲಿಲ್ಲ. ಯಾರೋ ಹೆಸರು ಹಿಡಿದು ಕರೆದಂತೆ ನಿಂತ. ಆ ನಿಲ್ಲುವಿಕೆಯನ್ನು ನಾನು ಹಿಂದೆ ನೋಡಿದ್ದೆ.

ಗಂಟೆಯಾಯಿತು. ಬಂದು ಕೂತ. ಗದ್ದ ಹಿಡಿದೆತ್ತಿದೆ. ಕಣ್ಣು ನನ್ನ ಕಡೆಗೇ ಇತ್ತು. ಏನು ಕೇಳಬೇಕೆಂದು ಮೊದಲೇ ಯೋಚಿಸಿಟ್ಟಿದ್ದೆ, ಅಂಗಿ ಎಲ್ಲಿ ನೇತುಹಾಕಿದ್ದಾನೆ ಎಂದು. ಅದು ಬಾಯಿಗೆ ಬರಲಿಲ್ಲ. ಹನ್ನೆರಡು ದಿನ ನನ್ನೊಳಗೆ ಇದ್ದದ್ದೇ ಬಂತು.

"ರುದ್ರಾ, ನನ್ನ ಮ್ಯಾಲ ಸಿಟ್ಟದ ಏನೋ?"

"ಸಂಪಗಾಂವ ರೀ," ಎಂದ.

ನಾನು ಕೈ ಎತ್ತಿ ಆಟ ನಿಲ್ಲಿಸಿದೆ. ಜನ ಕೂಗಿದರು. ಜಾಧವರು ಹಗ್ಗದ ಕೆಳಗೆ ಬಂದು, "ಕಂಪೌಂಡರ್, ಏನ್ ಮಾಡ್ಲಿಕ್ಕತ್ತೀರಿ? ಗಮ್ಮತ್ತಿನ ಆಟ ಇದು!" ಎಂದರು. ಫ್ರಾನ್ಸಿಸ್ ಮಾತ್ರ ಓಡಿ ಬಂದು ಮಂಡಿಯೂರಿ ರುದ್ರಪ್ಪನ ಎರಡೂ ಗ್ಲೋವ್ಸನ್ನು ಹಿಡಿದುಕೊಂಡ. ರುದ್ರಪ್ಪ ಎದ್ದು ನಿಂತ. ಮೂರನೇ ಸುತ್ತಿಗೆ ಹೋಗಬೇಕೆಂದು ಎದ್ದವನು ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತುಕೊಂಡ. ಆಮೇಲೆ ನನ್ನ ಭುಜದ ಮೇಲೆ ಭಾರ ಹಾಕಿದ.

ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಕಣ್ಣು ತೆರೆಯಲಿಲ್ಲ. ನಾನು ಪಕ್ಕದಲ್ಲಿ ಕೂತು ಅವನಿಗೆ ಹೇಳಿದೆ: "ಏಳನೇ ಸುತ್ತಿನ್ಯಾಗ ನೀ ಗೆಲ್ತಿದ್ದಿ. ಅಂವ ಎಡಗೈ ಹಿಂದ ತಗೊಳ್ಳೂವಾಗ ಮೊಳಕೈ ಎತ್ತತಾನ. ಆರು ಸುತ್ತಿನ್ಯಾಗ ನೀ ಅದನ್ನ ನೋಡಿಬಿಡ್ತಿದ್ದಿ. ಆ ಪಕ್ಕಡಿ ಎಲುಬಿಗೆ ಒಂದು ಕೊಟ್ರ ಮುಗೀತಿತ್ತು." ನಾನು ಇಬ್ಬರ ಮೂಲೆಯಲ್ಲೂ ಕೂತು ಕಂಡುಕೊಂಡ ನಿಜ ಅದೇ. ಅವನಿಗೆ ಕೇಳಿಸಿದ ಗುರುತು ಕಾಣಲಿಲ್ಲ. ಐದನೆಯ ದಿನ ಬೆಳಿಗ್ಗೆ ಹೋದ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಗಂಗವ್ವನ ಮುಂದೆ ಎಲ್ಲವನ್ನೂ ಹೇಳಿದೆ. ಎಂಟು ಸುತ್ತಿನ ಆಟ, ಡಾಕ್ಟರರ ಮಾತು, ಆಣೆ, ಹೋಟೆಲಿನಲ್ಲಿ ಹೇಳಿದ ಸುಳ್ಳು. ಅವಳು ಬೈಯಲಿ ಎಂದು ಕಾದೆ.

"ನನಗ ಗೊತ್ತಿತ್ರಿ ಅಣ್ಣಾರ," ಎಂದಳು. "ಚಹಾಕ್ಕ ಉಪ್ಪು ಹಾಕೊಂಡು ಕುಡೀತಿದ್ರು. ಕುಡದು ಛಲೋ ಆಗೇದ ಅಂತಿದ್ರು. ನನಗ ಗೊತ್ತಾಗೂದಿಲ್ಲೇನ್ರಿ? ನಿಮಗ ಗೊತ್ತಿಲ್ಲ ಅಂತ ತಿಳಕೊಂಡು ನಾನೂ ಹೇಳ್ಲಿಲ್ಲ. ಆ ದಿನ ಮೂಲ್ಯಾಗ ನೀವು ಕೂಡ್ತೀರಿ ಅಂತ ಕೇಳಿ ಧೈರ್ಯ ಆಗಿತ್ತು ನೋಡ್ರಿ."

ಅದರ ನಂತರ ನಾನು ಯಾವ ಮೂಲೆಯಲ್ಲೂ ಕೂರಲಿಲ್ಲ. ಯುದ್ಧ ಮುಗಿಯುವವರೆಗೆ ದವಾಖಾನೆಯಲ್ಲಿ ಗಾಯ ಕಟ್ಟಿದೆ, ಆಮೇಲೆ ಅದನ್ನೂ ಬಿಟ್ಟೆ. ಫ್ರಾನ್ಸಿಸ್ ಇರಾಣಿ ಹೋಟೆಲಿಗೆ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಗಂಗವ್ವನ ಬಾಗಿಲಿಗೆ ತಾನೇ ಬಂದು ಪಾವ್ ಬ್ರೆಡ್ಡಿನ ಪುಡಿಕೆ ಇಟ್ಟು, ಕರೆಯದೆ ಹೋಗುತ್ತಾನೆ. ಶೆಟ್ಟರೂ ಜಾಧವರೂ ಈಗಲೂ ಅದೇ ಮೇಜಿನಲ್ಲಿ ಕೂರುತ್ತಾರೆ. ಸಕ್ಕರೆ ಡಬ್ಬಿಯನ್ನು ಯಾರೂ ಸರಿಸುವುದಿಲ್ಲ.

ತರುಣರು ಮಾತ್ರ ನನ್ನನ್ನು ಕೇಳುತ್ತಾರೆ, ಫ್ರಾನ್ಸಿಸ್ ಮತ್ತು ರುದ್ರಪ್ಪ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು. ರುದ್ರಪ್ಪ, ಏಳನೇ ಸುತ್ತಿನಲ್ಲಿ ಎಂದು ಈಗ ಹೇಳುತ್ತೇನೆ. ಹೇಗೆಂದು ಮೊಳಕೈ ಎತ್ತಿ ತೋರಿಸುತ್ತೇನೆ. ನಿಮ್ಮ ಆಟಗಾರನ ತಲೆಯ ವಿಷಯ ನಿಮಗೆ ಗೊತ್ತಿದ್ದರೆ ಅದನ್ನು ಅವನ ಮನೆಯವರಿಗೆ ಹೇಳಿ, ರೆಫರಿಗೆ ಹೇಳಿ, ಎದುರಾಳಿಗೆ ಪೂರ್ತಿ ಹೇಳಿ ಎಂದೂ ಹೇಳುತ್ತೇನೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಡಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡಿ.

ಆ ಸಂಜೆ ಎರಡನೇ ಸುತ್ತಿನ ನಂತರ ನಾನು ಅಂಥದ್ದೊಂದು ಕೇಳಿದೆ. ಅದಕ್ಕೆ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.